ಟೈಪ್ ಮಾಡಿಕೊಟ್ಟ ಹೇಮಾವತಿಗೆ

ಹಾಲೇಶ ಮೇಷ್ಟ್ರಿಗೆ ನಾಚಿಕೆ ಬಂದದ್ದು ತಡವಾಗಿ. ಬಂದಮೇಲೆ ಮಾತ್ರ ಮೈತುಂಬ ಬಂತು.

ಹೊಸಪೇಟೆಯ ಕಾಲೇಜೊಂದರಲ್ಲಿ ಗಣಿತ ಕಲಿಸುವ ಈ ಮನುಷ್ಯ ಆರು ವರ್ಷ ತಲೆ ಕೆಡಿಸಿಕೊಂಡು ಬರೆದ ಪ್ರಬಂಧವನ್ನು ಹೊರದೇಶದ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಊರಿಗೆ ಊರೇ ಅದಿರು, ಲಾರಿ, ಪರ್ಮಿಟ್ ಎನ್ನುತ್ತಿದ್ದ 2007ರಲ್ಲಿ ಇವನೊಬ್ಬ ಕ್ರೊಮ್ಯಾಟಿಕ್ ಹೋಮೋಟೊಪಿ ಎನ್ನುತ್ತ ಎದೆ ಸೆಟೆಸಿಕೊಂಡು ಓಡಾಡಿದ. ಏನದು ಎಂದು ಕೇಳಿದವರ ಕಥೆ ಮುಗಿಯಿತು, ನಿಂತಲ್ಲೇ ಪಾಠ. "ಕೆಲವು ವಸ್ತುಗಳಿಗೆ ವಿಲೋಮ ಅಂತ ಒಂದು ಜೋಡಿ ಇರ್ತೈತ್ರಿ. ಎರಡೂ ಕೂಡಿದ್ರ ಏನೂ ಮಾಡದಂಗ ಆಗಿಬಿಡ್ತೈತಿ. ಅಂಥವು ಎಷ್ಟದಾವ ಅಂತ ಪೂರ್ತಿ ಪಟ್ಟಿ ಮಾಡೀನಿ, ನಾನು!" ಕೇಳಿದವರು ಬಸ್ಸು ಬಂತೆಂದು ಓಡುತ್ತಿದ್ದರು.

ಆ "ನಾನು" ಇದೆಯಲ್ಲ, ಎಡವಟ್ಟು ಇದ್ದದ್ದು ಅಲ್ಲೇ.

ಅವನ ಕೈಬರಹವನ್ನು ಟೈಪ್ ಮಾಡುತ್ತಿದ್ದವಳು ಹೇಮಾವತಿ. ಎಂಎಸ್ಸಿಯಲ್ಲಿ ಅವನ ವಿದ್ಯಾರ್ಥಿನಿ, ತರಗತಿಗೇ ಮೊದಲಿಗಳು. ಅಪ್ಪ ತೀರಿಕೊಂಡ ಮೇಲೆ ಮುಂದಿನ ಓದು ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ಡಿಟಿಪಿ ಅಂಗಡಿ ಹಾಕಿದ್ದಳು. ಲಗ್ನಪತ್ರಿಕೆ, ಬಾಡಿಗೆ ಕರಾರು, ನಡುವೆ ಮೇಷ್ಟ್ರ ಗಣಿತ. ಹಾಳೆ ಕೊಡುವಾಗ ಅವನದು ಒಂದೇ ಮಾತು: "ತಪ್ಪಿದ್ರ ನೀನ ಸರಿ ಮಾಡಿಬಿಡಮ್ಮ." ಅವನು ಹೇಳುತ್ತಿದ್ದದ್ದು ಕಾಗುಣಿತದ ತಪ್ಪು. ಅವಳು ಸರಿ ಮಾಡುತ್ತಿದ್ದದ್ದು ಎಲ್ಲವನ್ನೂ.

ಹನ್ನೆರಡನೆಯ ಪುಟದಲ್ಲಿ ಅವಳು ಕೈ ನಿಲ್ಲಿಸಿದ್ದಳು. ಆ ವಸ್ತುಗಳ ಮೇಲೆ ಒಂದು ಗ್ರೂಪಿನ ಕ್ರಿಯೆ ನಡೆಯುತ್ತದೆ. ಗ್ರೂಪಿನ ಪ್ರತಿ ಸದಸ್ಯನೂ ವಸ್ತುವನ್ನು ಅಲ್ಲಾಡಿಸುತ್ತಾನೆ. ಏನೂ ಮಾಡದ ಸದಸ್ಯನಿಗೆ ಹತ್ತಿರವಾದಷ್ಟೂ ಅಲುಗಾಟ ಕಡಿಮೆಯಾಗಬೇಕು, ಆಗಲೇ ಕ್ರಿಯೆ ಅವಿಚ್ಛಿನ್ನ. ವಸ್ತುವಿನ ಮೇಲೆ ಅದು ಅವಿಚ್ಛಿನ್ನ ಎಂದು ಮೇಷ್ಟ್ರು ಚೆನ್ನಾಗಿಯೇ ತೋರಿಸಿದ್ದ. ವಿಲೋಮದ ಮೇಲೆ? ತೋರಿಸಿರಲಿಲ್ಲ. ಹಾಗೇ ಇರುತ್ತದೆ ಬಿಡು ಎಂದು ದಾಟಿಬಿಟ್ಟಿದ್ದ. ಅದು ನಿಲ್ಲದಿದ್ದರೆ ಪಟ್ಟಿಯೂ ಇಲ್ಲ, ಪ್ರಬಂಧವೂ ಇಲ್ಲ.

ಹೇಮಾವತಿ ಗುಂಡುಸೂಜಿಯಲ್ಲಿ ಚೀಟಿ ಚುಚ್ಚಿದಳು: "ಸರ್, ವಿಲೋಮದ ಮೇಲೂ ಅವಿಚ್ಛಿನ್ನವೇ?" ಮೇಷ್ಟ್ರು ಚೀಟಿ ನೋಡಿ ಸಿಡುಕಿದ. ವಾರಗಟ್ಟಲೆ ಒದ್ದಾಡಿದ, ಆಗಲಿಲ್ಲ. ಮುಂದಿನ ಸಲ ಹೋದಾಗ ಅವಳೇ ಒಂದೂವರೆ ಪುಟ ಬರೆದಿಟ್ಟಿದ್ದಳು. ಮಟ್ಟದಿಂದ ಮಟ್ಟಕ್ಕೆ ಮೆಟ್ಟಿಲು ಕಟ್ಟಿದ, ಎಲ್ಲೂ ಬಿರುಕಿಲ್ಲದ ರುಜುವಾತು. ಅವನು ಓದಿದ, ತಲೆಯಾಡಿಸಿದ, "ಹೂಂ, ಇದನ್ನ ಸೇರ್ಸು" ಎಂದ. ಕೊನೆಗೆ ತನ್ನ ಕೈಯಾರೆ ಒಂದು ಸಾಲು ಬರೆದುಕೊಟ್ಟ: ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟ ಹೇಮಾವತಿಗೆ ಕೃತಜ್ಞತೆಗಳು. ಆ ಸಾಲನ್ನೂ ಅವಳಿಂದಲೇ ಟೈಪ್ ಮಾಡಿಸಿದ. ಎಂಥ ಗಟ್ಟಿ ಎದೆ ನೋಡಿ!

ಪತ್ರಿಕೆಯವರು ಅಚ್ಚಿಗೆ ಮುಂಚಿನ ಪ್ರತಿ ಕಳಿಸಿ, ಬದಲಾವಣೆ ಇದ್ದರೆ ಈ ಸಂಜೆಯೊಳಗೆ ತಿಳಿಸಿ ಎಂದಿದ್ದರು. ಬೆಳಿಗ್ಗೆ ಅದನ್ನು ಓದುತ್ತ ಹನ್ನೆರಡನೆಯ ಪುಟಕ್ಕೆ ಬಂದಾಗ ಅವನ ಕಿವಿ ಬಿಸಿಯಾಯಿತು. ಇಡೀ ಪ್ರಬಂಧದಲ್ಲಿ ಅಷ್ಟು ಚೆಂದದ ಪುಟ ಇನ್ನೊಂದಿರಲಿಲ್ಲ. ಅವಳ ಹೆಸರು ತನ್ನ ಹೆಸರಿನ ಪಕ್ಕ ಸೇರಬೇಕು, ಇವತ್ತೇ, ಇಲ್ಲದಿದ್ದರೆ ಎಂದೂ ಇಲ್ಲ. ಹಾಳೆ ಹಿಡಿದು ಅಂಗಡಿಗೆ ನಡೆದ.

ಅಂಗಡಿಯಲ್ಲಿ ಹೇಮಾವತಿಯ ತಾಯಿ ದ್ಯಾಮಕ್ಕ ಗಾಜಿನ ಮೇಲಿನ ಕೆಂಧೂಳು ಒರೆಸುತ್ತಿದ್ದಳು. "ಬರ್ರಿ ಸರ್, ಕುಂದ್ರಿ. ಭಾಳ ದೊಡ್ಡ ಮನಸು ನಿಮ್ದು," ಎಂದು ಗೋಡೆ ತೋರಿಸಿದಳು. ಪ್ರಬಂಧದ ಕೊನೆಯ ಪುಟ, ಲ್ಯಾಮಿನೇಷನ್ ಮಾಡಿಸಿ ನೇತುಹಾಕಿದ್ದು. "ಇಂಗ್ಲಿಷ್ ಬರಂಗಿಲ್ರಿ ನನಗ. ಇದರಾಗ ನನ್ನ ಮಗಳ ಹೆಸ್ರು ಐತಂತ. ಕಂಪ್ಲಿಗೆ ಹೋಗಿ ನಮ್ಮೋರಿಗೆಲ್ಲ ತೋರ್ಸಿ ಬಂದೆ."

ಹಾಲೇಶನಿಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೂತು, ಕಂಪ್ಯೂಟರ್ ಮುಂದಿದ್ದ ಹೇಮಾವತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನಿನ್ನ ಹೆಸ್ರು ಮೇಲೆ ಹಾಕು, ನನ್ನ ಪಕ್ಕ. ತಪ್ಪಾಗೈತಿ ನಂದು," ಎಂದ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬ್ಯಾಡ್ರಿ ಸರ್. ಈಗ ಹಾಕಿದ್ರ ಮೊದ್ಲು ಯಾಕ ಹಾಕ್ಲಿಲ್ಲ ಅಂತ ಅವ್ವ ಕೇಳ್ತಾಳ. ಆ ಗ್ವಾಡಿ ಮ್ಯಾಲಿಂದು ಏನು ಅಂತ ನಾನ ಹೇಳ್ಬೇಕಾಗ್ತೈತಿ. ನನ್ನ ಕೈಲಿ ಆಗಂಗಿಲ್ಲ."

"ನೀ ಹೇಳ್ಬ್ಯಾಡ," ಎಂದು ಎದ್ದ. ಆರು ವರ್ಷದಲ್ಲಿ ಅವನು ಮಾಡಿದ ಕಷ್ಟದ ಕೆಲಸ ಇದೇ ಇರಬೇಕು. "ದ್ಯಾಮಕ್ಕ, ಅದು ಹೊಗಳಿಕಿ ಅಲ್ಲ. ಟೈಪ್ ಮಾಡ್ಯಾಳ ಅಂತ ಅಷ್ಟ ಬರ್ದೀನಿ. ಖರೇ ಅಂದ್ರ ನನ್ನ ಲೆಕ್ಕ ಮುರಿದು ಬಿದ್ದಿತ್ತು, ಎತ್ತಿ ನಿಲ್ಲಿಸಿದಾಕಿ ಇಕಿ. ಅದನ್ನ ಮುಚ್ಚಿಟ್ಟೆ."

ದ್ಯಾಮಕ್ಕ ಮಗಳನ್ನು ನೋಡಿದಳು. ಮಗಳು ತಲೆ ತಗ್ಗಿಸಿದಳು. ದ್ಯಾಮಕ್ಕ ಬಟ್ಟೆ ಮಡಚಿಟ್ಟು ಮೇಷ್ಟ್ರ ಕೈಯಲ್ಲಿದ್ದ ಹಾಳೆಗಳತ್ತ ಕೈ ತೋರಿಸಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಳು:

"ಹಂಗಾದ್ರ ಇದರಾಗ ನೀವು ಬರ್ದಿದ್ದು ಯಾವ್ದ್ರಿ ಸರ್?"

ಮೊದಲ ಹನ್ನೊಂದು ಪುಟವಂತೂ ಅವನವೇ. ಅಷ್ಟನ್ನು ಹೇಳುವ ಬದಲು ಹನ್ನೆರಡನೆಯ ಪುಟ ತೆಗೆದು ದ್ಯಾಮಕ್ಕನ ಕೈಗಿಟ್ಟ. ಹಿಂದೆ ಹೇಮಾವತಿ ಕೀಲಿಮಣೆ ಎಳೆದುಕೊಂಡು ಮೇಷ್ಟ್ರ ಹೆಸರಿನ ಪಕ್ಕ ತನ್ನ ಹೆಸರು ಹೊಡೆಯತೊಡಗಿದ್ದಳು.