ದರ್ಭೆಯ ಅಪ್ಪ

ಅಪ್ಪ ಬಂದದ್ದು ಒಂದು ಭಾನುವಾರ, ಕಾಫಿ ಹೊತ್ತಿಗೆ ಸರಿಯಾಗಿ. ಹದಿನೇಳು ವರ್ಷ ಕಾಣೆಯಾಗಿದ್ದ ಮನುಷ್ಯನಿಗೆ ಆ ಹೊತ್ತು ಮಾತ್ರ ಮರೆತಿರಲಿಲ್ಲ. ಜಯನಗರದ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಕೂತು ಕಾಶಿ, ನಾಸಿಕ ಅಂತ ಊರುಗಳ ಹೆಸರು ಹೇಳಿದ. ಯಾಕೆ ಹೋದೆ ಅನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ.

ಅವನು ಹೋದಾಗ ನನಗೆ ನಾಲ್ಕು ವರ್ಷ. ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತಂತೆ ಅಂತ ಶಾಸ್ತ್ರ. ಅರವತ್ತನೇ ಇಸವಿಯಲ್ಲಿ ಸೋದರಮಾವ ಮುಂದೆ ನಿಂತು ದರ್ಭೆಯಲ್ಲಿ ಅಪ್ಪನ ಬೊಂಬೆ ಕಟ್ಟಿಸಿದರು. ಹದಿನಾರರ ನಾನು ಅದಕ್ಕೆ ಬೆಂಕಿಯಿಟ್ಟೆ. ಅವತ್ತೇ ಅಮ್ಮನ ಹಣೆ ಬೋಳಾಯಿತು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಗಿತ್ತು. ನಿಮ್ಮಪ್ಪ ಎಲ್ಲಿ ಅಂತ ಕೇಳುವವರಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತ್ತು.

ಉತ್ತರ ಸಿಕ್ಕರೂ ಚಾಳಿ ಹೋಗಲಿಲ್ಲ. ಅಮ್ಮ ತರಕಾರಿಗೆ ಹೋಗಿ ಅರ್ಧ ಗಂಟೆ ತಡವಾದರೆ ಇವತ್ತಿಗೂ ಗೇಟಿಗೆ ಹೋಗಿ ನಿಲ್ಲುತ್ತೇನೆ. ಬಂದಮೇಲೆ ರೇಗುತ್ತೇನೆ.

ಸಂಜೆ ಪುರೋಹಿತರಾದ ಚಕ್ರಪಾಣಿ ಆಚಾರ್ಯರು ಬಂದು ದಾರಿ ಹೇಳಿದರು. ಅಪರಕರ್ಮ ಆದವನು ಮರಳಿದರೆ ಮತ್ತೆ ಹುಟ್ಟಬೇಕಂತೆ. ತುಪ್ಪದ ಸ್ನಾನ, ಜಾತಕರ್ಮ, ನಾಮಕರಣ, ಉಪನಯನ, ಆಮೇಲೆ ಅದೇ ಹೆಂಡತಿಯ ಜೊತೆ ಮತ್ತೆ ಮದುವೆ. ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹುಟ್ಟುವವನಿಗೆ ತಂದೆಯ ಸ್ಥಾನದಲ್ಲಿ ಕೂರಲು ಒಬ್ಬರು ಬೇಕು, ಅನಂತರಾಮು ಕೂರಲಿ ಅಂದರು ಆಚಾರ್ಯರು, ನನ್ನ ಕಡೆ ಕೈ ತೋರಿಸಿ.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಉಪನಯನದಲ್ಲಿ ಕಿವಿಗೆ ಮಂತ್ರ ಹೇಳಲು ಇರದವನಿಗೆ ನಾನು ಅಪ್ಪನಾಗಬೇಕಿತ್ತು.

"ಹುಟ್ಟೋದಾದ್ರೆ ಹುಟ್ಲಿ ಆಚಾರ್ರೇ," ಅಂದೆ. "ಅಪ್ಪ ಇಲ್ದೇ ಬೆಳೀಲಿ. ನಾನು ಬೆಳೀಲಿಲ್ವಾ?"

ಅಪ್ಪ ಚೀಲ ಹೆಗಲಿಗೇರಿಸಿ ಎದ್ದ. ಹೋಗುವುದು ಅವನಿಗೆ ರೂಢಿಯಾದ ಕೆಲಸ. ಆಚಾರ್ಯರೂ ಅವನ ಹಿಂದೆಯೇ ಇಳಿದರು.

ಗೆದ್ದವನ ಗತ್ತಿನಲ್ಲಿ ಒಳಗೆ ಹೋದೆ. ಅಮ್ಮನ ಕೈಯಲ್ಲಿ ಕುಂಕುಮದ ಭರಣಿ ಇತ್ತು. ಐದು ವರ್ಷದಿಂದ ಟ್ರಂಕಿನ ತಳದಲ್ಲಿದ್ದದ್ದನ್ನು ಯಾವಾಗ ತೆಗೆದಿದ್ದಳೋ.

"ಅವ್ರು ಹೋಗೋವಾಗ ನನ್ನ ಕೇಳ್ಲಿಲ್ಲ," ಅಂದಳು. "ನೀನು ಬೆಂಕಿ ಇಡೋವಾಗ್ಲೂ ಕೇಳ್ಲಿಲ್ಲ. ಇವತ್ತಾದ್ರೂ ಕೇಳ್ತೀಯೇನೋ ಅಂದ್ಕೊಂಡಿದ್ದೆ."

ನಿನಗೇನು ಬೇಕಿತ್ತಮ್ಮ ಅಂತ ಆಗಲೂ ನನ್ನ ಬಾಯಿಂದ ಬರಲಿಲ್ಲ. ಗೇಟಿಗೆ ಓಡಿದೆ. ಖಾಲಿ ರಸ್ತೆಗೆ ಬಾಯಿಗೆ ಬಂದಂತೆ ಬೈದೆ.