ಚಿರತೆಗೆ ಒಡ್ಡಿದ ತಗಡಿನ ಕಿವಿ

೧೯೩೬ರ ಚಳಿಗಾಲದಲ್ಲಿ ಪಾಲಮಲೆಯ ಚಿರತೆ ಮೂವರನ್ನು ತಿಂದಿತ್ತು. ಮೂರನೆಯವನು ಕುರಿ ಕಾಯುವ ಜವರಪ್ಪನ ತಮ್ಮ. ಸಿಕ್ಕಿದ್ದು ತಲೆ ಮಾತ್ರ, ರುಮಾಲು ಸುತ್ತಿದ ಹಾಗೇ.

ಮಂಜಿನಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮದ್ರಾಸಿನಲ್ಲಿ ವಿಜ್ಞಾನ ಓದಿ ಬಂದಿದ್ದ ಪಾಲಕೋಡಿನ ಚೆನ್ನಕೇಶವ, "ಕಣ್ಣು ಯಾಕೆ, ಕಿವಿ ಸಾಕು" ಎಂದ. ಮಹಾಯುದ್ಧದಲ್ಲಿ ವಿಮಾನಗಳ ಸದ್ದು ಹಿಡಿಯುತ್ತಿದ್ದ ಯಂತ್ರದಂತೆ, ಸೀಮೆಎಣ್ಣೆ ಡಬ್ಬದ ತಗಡಿನಿಂದ ಕೊಂಬುಗಳನ್ನು ಮಾಡಿಸಿ, ಜೋಡಿ ಜೋಡಿಯಾಗಿ ತಿರುಗುವ ಚೌಕಟ್ಟುಗಳಿಗೆ ಕಟ್ಟಿದ. ಕೊಂಬಿನಿಂದ ಕಿವಿಗೆ ರಬ್ಬರ್ ಕೊಳವೆ. ಎರಡೂ ಕಿವಿಗೆ ಸದ್ದು ಸಮವಾಗುವವರೆಗೆ ಚೌಕಟ್ಟು ತಿರುಗಿಸಿದರೆ ಅದರ ಕೋಲು ದಿಕ್ಕು ತೋರಿಸುತ್ತದೆ. ಎರಡು ಚೌಕಟ್ಟುಗಳ ದಿಕ್ಕು ಕೂಡಿದಲ್ಲಿ ಪ್ರಾಣಿ. ಅಂತೂ ಪಾಲಮಲೆಯಲ್ಲಿ ಕಿವಿಗೇ ಕೊಂಬು ಬಂತು.

ಒಂದು ಚೌಕಟ್ಟಿಗೆ ಚೆನ್ನಕೇಶವ, ಇನ್ನೊಂದಕ್ಕೆ ಜವರಪ್ಪನ ಹೆಂಡತಿ ಪಾಪಮ್ಮ. ನಡುವೆ ನಾಡಬಂದೂಕು ಹಿಡಿದ ಊರ ಬೇಟೆಗಾರ ಮುನಿವೆಂಕಟಪ್ಪ. ಜವರಪ್ಪ ದೂರದ ಬಂಡೆಯ ಮೇಲೆ ಕೂತು ಹೆಣ್ಣುಚಿರತೆಯ ಹಾಗೆ ಕೂಗಿ ಕರೆಯಬೇಕು.

"ಅಲುಗಬೇಡ ಜವರಪ್ಪ. ಇದ್ದಲ್ಲೇ ಇರೋ ಸದ್ದು ನೀನು, ಓಡಾಡೋದು ಚಿರತೆ. ಓಡಾಡೋದಕ್ಕೆ ಗುಂಡು" ಎಂದ ಚೆನ್ನಕೇಶವ.

"ಸರಿ ಸಾಮಿ. ನನ್ ಕೂಗ್ ಕೇಳಿ ಅದು ಮದ್ವೆ ಮಾಡ್ಕೊಳಾಕ್ ಬಂದ್ರೆ?"

"ಮಾಡ್ಕೊಂಡ್ ಓಗು. ನಂಗಾದ್ರೂ ನಿನ್ ಗೊರ್ಕೆ ತಪ್ತೈತೆ" ಎಂದಳು ಪಾಪಮ್ಮ.

"ಪೇಸಾದೆ, ಸುಮ್ಕಿರ್ರಿ!" ಎಂದು ತಮಿಳು ಬೆರೆಸಿ ಗದರಿದ ಮುನಿವೆಂಕಟಪ್ಪ.

ಬೆಳಗಿನ ಮಂಜಿನಲ್ಲಿ ಜವರಪ್ಪ ಗರಗಸ ಎಳೆದಂತೆ ಕೂಗಿದ: ಗರ್‍ರಕ್, ಗರ್‍ರಕ್. ಕಣಿವೆಯಿಂದ ಉತ್ತರ ಬಂತು, ಹತ್ತಿರವಾಯಿತು, ನಿಂತೇಹೋಯಿತು. ಆಮೇಲೆ ಬಂಡೆಯ ಕೆಳಗೆ ಎರೆಗೆಂದು ಕಟ್ಟಿದ್ದ ಕುರಿಮರಿ ಅರಚಿತು.

ಮರಿ ಅರಚಿದರೆ ಕೂತಿರುವ ಕುರುಬ ಆ ಬೆಟ್ಟದಲ್ಲಿ ಹುಟ್ಟಿರಲಿಲ್ಲ. ಜವರಪ್ಪ ಬಂಡೆಯಿಂದ ಜಿಗಿದ. ಚಿರತೆಯನ್ನು ಹೆದರಿಸಲು ಗಂಡುಚಿರತೆಯಂತೆ ಅಬ್ಬರಿಸುತ್ತ ಓಡಿದ.

ಪಾಪಮ್ಮನಿಗೆ ಕೇಳಿಸಿದ್ದು ಓಡುವ ಚಿರತೆ. ಮೈದುನನ ತಲೆಯನ್ನು ನೆನೆದು, ಹಲ್ಲು ಕಚ್ಚಿ ಚೌಕಟ್ಟು ತಿರುಗಿಸಿದಳು. ಚೆನ್ನಕೇಶವನ ಕೋಲೂ ಅಲ್ಲಿಗೇ ತಿರುಗಿತು.

"ಹೊಡಿ!" ಎಂದ ಚೆನ್ನಕೇಶವ.

ಗುಂಡು ಸಿಡಿಯಿತು. ಮಂಜಿನೊಳಗಿಂದ "ಅವ್ವಾ!" ಎಂಬ ಚೀರಾಟ.

ಪಾಪಮ್ಮ ಮಚ್ಚು ಹಿಡಿದು ಓಡಿದಳು. ಬಿದ್ದಿದ್ದ ಗಂಡನ ಮೇಲೆ ಚಿರತೆ ಕೂತು ಹೆಗಲು ಸಿಗಿಯುತ್ತಿತ್ತು. ಕುತ್ತಿಗೆಗೆ ಕೊಚ್ಚಿದಳು. ಅದರ ಪಂಜ ಅವಳ ಕೆನ್ನೆ ಸೀಳಿತು. ಅದು ಸತ್ತ ಮೇಲೂ ಕೊಚ್ಚಿದಳು.

ಜವರಪ್ಪನ ಹೊಟ್ಟೆ ತುಂಬ ಬಂದೂಕಿನ ಚರೆಯ ತೂತು.

"ನನ್ ಕಡೀಕ್ ತಿರುಗ್ಸಿದ್ದು... ನೀನೂನಾ?"

"ಊಂ."

"ಅಂಗಾರೆ ಚೆನ್ನಾಗೇ ಕೂಗಿವ್ನಿ" ಎಂದು ನಕ್ಕ. ನಗುವಿನ ಜೊತೆ ರಕ್ತ ಬಂತು. ನಗು ನಿಂತಿತು, ರಕ್ತ ನಿಲ್ಲಲಿಲ್ಲ.

ಪಾಪಮ್ಮ ಮಚ್ಚು ಎತ್ತಿಕೊಂಡು ಚೌಕಟ್ಟಿನತ್ತ ನಡೆದಳು. ಚೆನ್ನಕೇಶವ ಕೊಂಬನ್ನು ತಬ್ಬಿ ಹಿಡಿದ.

"ಇದರ ತಪ್ಪಲ್ಲಮ್ಮ! ಇದು ಸರಿಯಾಗೇ ತೋರಿಸ್ತು!"

"ಅದ್ಕೇ" ಎಂದಳು ಪಾಪಮ್ಮ. ಮೊದಲ ಏಟು ಕೊಂಬು ಹಿಡಿದ ಕೈಗೇ ಬಿತ್ತು.