ಕಿವುಡು ನಾಯಿಗೆ ಗಂಡನ ಹೆಸರು

ಬೊಗಳುತ್ತಿದೆ, ಬಂಡೆಯ ನೆತ್ತಿಯ ಮೇಲೆ ನಿಂತು ಅದೇ ಒಂದೇ ರಾಗ — ಮರಳವಾಡಿ ಸುತ್ತಿನಲ್ಲಿ ತನ್ನ ನಾಯಿಯಷ್ಟು ಮಾತು ಕೇಳುವ ಪ್ರಾಣಿ ಇನ್ನೊಂದಿಲ್ಲ, ಸಾವನದುರ್ಗದ ತುದಿಯಲ್ಲಿ ನಿಂತು ಕಿರುಬೆರಳು ಆಡಿಸಿದರೂ ಓಡಿ ಬಂದು ಕಾಲಬುಡದಲ್ಲಿ ಕೂರುತ್ತದೆ ಎಂದು ಚಿಕ್ಕಲಕ್ಷ್ಮಮ್ಮ ಊರೆಲ್ಲ ಸಾರಿಕೊಂಡು ಬಂದವಳು, ಅರ್ಧ ಸುಳ್ಳು, ಈಗ ಮನಸ್ಸಿನಲ್ಲೇ ಒಪ್ಪಿದಳು, ಸಾವನದುರ್ಗವಲ್ಲ ಹಿತ್ತಲ ಬೇಲಿ, ಕಿರುಬೆರಳೂ ಅಲ್ಲ, ಸೆರಗಿನಲ್ಲಿ ಕಟ್ಟಿದ ಮುದ್ದೆ — ಎಲ್ಲಿಗ್ ನುಗ್ತೀಯಕ್ಕ, ಮದ್ದಿನ್ ಬತ್ತಿ ಹಚ್ಚಾಯ್ತು, ಇನ್ನ ಎಲ್ಡೇ ನಿಮಿಷ, ಎಂದು ಕ್ವಾರಿಯಲ್ಲಿ ಬಂಡೆ ಸಿಡಿಸುವಾಗ ಬಾವುಟ ಬೀಸುವ ಮುನಿಶಾಮಯ್ಯ ರಟ್ಟೆ ಹಿಡಿದು ಜಗ್ಗುತ್ತಾನೆ, ಬುಡ್ಲಾ ಕೈಯ, ನನ್ ನಾಯಿ ಅಲ್ಲೈತೆ, ಮೂರ್ ಸಲ ಸೀಟಿ ಊದಿದ್ನಲ್ಲಕ್ಕ, ಮಿಕ್ಕಿದ್ ನಾಯೆಲ್ಲ ಓಡೋದ್ವು, ಹುಟ್ಗಿವುಡ್ ನಾಯ್ಗೆ ಸೀಟಿ ಊದ್ತೀಯೇನ್ಲಾ, ನಿನ್ ಸೀಟಿಗಿಷ್ಟು ಬೆಂಕಿ ಹಾಕ — ಅದು ಬಾವುಟಕ್ಕೇ ಬೊಗಳುತ್ತಿದೆ, ಕೆಂಪಗೆ ಏನೋ ಅಲ್ಲಾಡುತ್ತಿದೆಯಲ್ಲ ಅಂತ, ಆಟ ಅಂದುಕೊಂಡಿದೆ. ಹಿಂದೆ ನೀಲಗಿರಿ ತೋಪಿನಲ್ಲಿ ಹುಟ್ಟಿದ್ದು ಐದು ಮರಿ, ಒಂದು ಮಧ್ಯಾಹ್ನ ಬಂಡೆ ಸಿಡಿದಾಗ ನಾಲ್ಕು ದಿಕ್ಕಾಪಾಲು, ಇದೊಂದು ಹಾಲಿನಂಥ ಬಿಳುಪಿನದು ಹಾಗೇ ಮಲಗಿತ್ತು, ಸತ್ತಿದೆ ಅಂದುಕೊಂಡಳು, ಕಿವಿಯ ಹತ್ತಿರ ತಪ್ಪಲೆ ಬಡಿದಳು, ಕನಕಪುರಕ್ಕೇ ಕೇಳಿರಬೇಕು ಆ ಸದ್ದು, ಇದಕ್ಕೆ ಮಾತ್ರ ಇಲ್ಲ, ಕಾಲಿನಿಂದ ನೆಲ ಗುದ್ದಿದಾಗ ಎದ್ದು ಮುಖ ನೋಡಿತು. ಬೊಗಳುವುದನ್ನು ಕಲಿತದ್ದು ಕಣ್ಣಿನಿಂದ, ಒಡಹುಟ್ಟಿದವು ಬಾಯಿ ತೆರೆದು ಮುಚ್ಚುವುದನ್ನು ನೋಡಿ ನೋಡಿ ತಾನೂ ತೆರೆಯಿತು, ಸದ್ದು ಬಂತು, ಬಂದದ್ದು ಅದಕ್ಕೆ ಗೊತ್ತಿಲ್ಲ, ಬೇರೆ ನಾಯಿಗಳಿಗೆ ಹಾವಿಗೊಂದು ಬೊಗಳು, ನೆಂಟರಿಗೊಂದು, ಲಾರಿಗೊಂದು, ಇದಕ್ಕೆ ಎಲ್ಲಕ್ಕೂ ಒಂದೇ, ಎಣ್ಣೆ ಕಾಣದ ರಾಟೆಯ ಹಾಗೆ, ಶುರುವಾದದ್ದೇ ಕೇಳದವನಿಗೆ ನಿಲ್ಲಿಸುವುದು ಹೇಗೆ ತಿಳಿಯಬೇಕು, ಗಂಟಲ ಮೇಲೆ ಕೈ ಇಟ್ಟರೆ ನಿಲ್ಲುತ್ತದೆ, ನಿಜವಾದ ಮಾತೆಲ್ಲ ಹಣೆಯ ಸುಕ್ಕಿನಲ್ಲಿ, ಅವಳ ಮೀನಖಂಡಕ್ಕೆ ಹೆಗಲು ಒತ್ತುವುದರಲ್ಲಿ, ಮುಖವನ್ನು ಟೀವಿ ನೋಡಿದ ಹಾಗೆ ನೋಡುವುದರಲ್ಲಿ. ಎರಡು ಸಲ ನೆಲ ಗುದ್ದಿದರೆ ಬಾ ಅಂತ, ಅದೂ ಹೋಯಿತು, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳೆದ್ದು ಈ ಜಲ್ಲಿ ಕ್ರಷರ್ ಬಂದ ಮೇಲೆ ನೆಲ ಬೆಳಗಿನಿಂದ ಬೈಗಿನವರೆಗೆ ನಡುಗುತ್ತದೆ, ಅವಳ ಕಾಲು ಯಾವುದು ಕ್ರಷರ್ ಯಾವುದು, ಪಾಪದ್ದಕ್ಕೆ ಏನು ತಿಳಿದೀತು. ಇನ್ನೊಂದು ನಿಮಿಷ ಅಕ್ಕ, ಕೂತ್ಕೊ, ಕಿವಿ ಮುಚ್ಕೊ — ಬೋರಲಿಂಗಯ್ಯಾ! ಕೂಗಿಯೇಬಿಟ್ಟಳು, ಕಲ್ಲು ಹೊರುವ ಹೆಂಗಸರು ಅಯ್ಯಯ್ಯೋ ಗಂಡನ್ ಹೆಸ್ರು ಹೇಳ್ಬುಟ್ಲು ಅಂತ ಬಾಯಿಗೆ ಸೆರಗಿಟ್ಟರು, ನಲವತ್ತು ವರ್ಷ ಬಾಳಿ ಒಂದು ಸಲ ನಾಲಿಗೆಗೆ ತಾರದ ಹೆಸರು, ಅವನೂ ಹೇಳಿದ್ದು ಕೇಳುತ್ತಿರಲಿಲ್ಲ, ಸತ್ತ ಮೇಲೆ ಈ ಕಿವುಡನಿಗಿಟ್ಟಳು, ಬಾಗಿಲು ಹಾಕಿಕೊಂಡು ಬಾಯ್ತುಂಬ ಕರೆಯುತ್ತಿದ್ದಳು, ಕೇಳಿಸದವನ ಮುಂದೆ ಹೇಳಿದರೆ ಹೇಳಿದ ಹಾಗಾಯಿತೇ — ಕೂಗಿ ಏನು ಬಂತು, ಕೈ ಬೀಸು, ಹೋಗು ಅಂತ ಬೀಸು, ಸೆರಗು ಹಿಡಿದು ಗಾಳಿಗೆ ಎತ್ತಿ ಬೀಸಿದಳು, ಬೊಗಳು ನಿಂತಿತು, ಬಾಲ ಆಡಿತು, ಅಯ್ಯೋ ಏನು ಮಾಡಿದೆ ಮುಂಡೆ, ಸೆರಗು ಅಂದರೆ ಅದಕ್ಕೆ ಮುದ್ದೆ, ಸೆರಗು ಅಂದರೆ ಬಾ, ಇಳಿಯುತ್ತಿದೆ, ಈ ಕಡೆಗೇ, ಮದ್ದು ತುಂಬಿದ ಕುಳಿಗಳ ಸಾಲಿನ ಕಡೆಗೇ. ಹೋಗು ಅನ್ನುವುದಕ್ಕೆ ಅವರಿಬ್ಬರ ನಡುವೆ ಮಾತೇ ಇಲ್ಲ, ಯಾವತ್ತೂ ಬೇಕಾಗಿರಲಿಲ್ಲ — ಇದೆ, ಒಂದಿದೆ, ಮುನಿಸಿಕೊಂಡು ಬೆನ್ನು ತಿರುಗಿಸಿದರೆ, ಮುಖ ಕಾಣದಿದ್ದರೆ ಮಾತು ಮುಗಿಯಿತು ಅಂತ ಮನೆಗೆ ಹೋಗಿ ಮಂಚದಡಿ ಮಲಗುತ್ತದೆ, ಮನೆ ಬಂಡೆಯ ಆಚೆ ಇಳಿಜಾರಿನಲ್ಲಿ, ತಿರುಗು, ತಿರುಗಿದಳು, ಪ್ರಾಣ ಹಿಂದಕ್ಕೆ ಎಳೆಯುತ್ತಿದೆ, ನೋಡಬಾರದು, ನೋಡಿದರೆ ಮುಖ ಕಾಣುತ್ತದೆ, ಬಂದೇಬಿಡುತ್ತದೆ, ಎದುರಿಗೆ ಮುನಿಶಾಮಯ್ಯ ಅವಳ ಹೆಗಲಾಚೆ ನೋಡುತ್ತಿದ್ದಾನೆ, ಅವನ ಮುಖವೇ ಈಗ ಅವಳಿಗೆ ಕಣ್ಣು, ಏನ್ಲಾ, ಹೋಯ್ತದಾ, ನಿಂತೈತಾ, ಬಾಯ್ಬುಡ್ಲಾ, ಅವನ ಹುಬ್ಬು ಮೇಲೇರುತ್ತದೆ, ಬೆನ್ನ ಹಿಂದೆ ಮತ್ತೆ ಆ ಬೊಗಳು, ಒಂದು, ಎರಡು — ಭೂಮಿ ಎದ್ದು ಬಿತ್ತು, ಧೂಳು, ತಲೆಯ ಮೇಲೆ ಕಲ್ಲುಚಕ್ಕೆಗಳ ಮಳೆ, ಆಮೇಲೆ ಯಾವ ಸದ್ದೂ ಇಲ್ಲ, ಕ್ರಷರ್ ಇಲ್ಲ, ಹೆಂಗಸರಿಲ್ಲ, ತನ್ನ ಉಸಿರೂ ಕೇಳುವುದಿಲ್ಲ, ಕಿವಿಯೊಳಗೆ ಬರೀ ಗುಂಯ್ ಅನ್ನುವ ಬಯಲು, ಧೂಳಿನೊಳಗೆ ಮುನಿಶಾಮಯ್ಯನ ಬಾಯಿ, ದುಂಡಗಾಗುತ್ತದೆ, ಹೋ, ಆಮೇಲೆ ಚಪ್ಪಟೆ, ಹೋಯ್ತು ಅನ್ನುತ್ತಿದ್ದಾನೆ, ಮನೆಗೆ ಹೋಯ್ತೋ, ಪ್ರಾಣವೇ ಹೋಯ್ತೋ, ಎರಡಕ್ಕೂ ತುಟಿ ಒಂದೇ ಥರ ಅಲ್ಲವೇ, ಅವನು ಬಾವುಟವನ್ನು ಎದೆಗೆ ಹಿಂಡಿಕೊಂಡಿದ್ದಾನೆ, ಎಲ್ಲಿದ್ದೀಯೋ ಯಜಮಾನ, ಬದುಕಿದ್ದಾಗ ಒಂದು ಮಾತೂ ಕೇಳಿಸ್ಕೊಳ್ನಿಲ್ಲ, ಇದೊಂದ್ ಒಗಟ್ ಬಿಡ್ಸು ನೋಡಾನ, ಇವ್ನೇಳ್ತಾ ಇರೋದು ಯಾವ್ ಹೋಯ್ತು — ಅವನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ —